ಸತ್ಯಾಂಶ: ‘ಅಪ್ರೂವ್ಡ್’ ಅಂದ ಮಾತ್ರಕ್ಕೆ ಹಣ ನಿಮ್ಮದಾಗಲಿಲ್ಲ

ಆನ್‌ಲೈನ್ ಅಂಗಡಿ ನಡೆಸುವವರ ನಡುವೆ ಒಂದು ವಾಟ್ಸ್‌ಆ್ಯಪ್ ಸಂದೇಶ ಸುತ್ತುತ್ತಿದೆ: ‘ವಿದೇಶಿ ಕಾರ್ಡ್‌ಗೆ ಬ್ಯಾಂಕ್ ಒಪ್ಪಿಗೆ ಕೊಟ್ಟರೆ ಹಣ ಸೇಫ್, ಕಣ್ಣುಮುಚ್ಚಿ ಮಾಲು ಕಳಿಸಿ.’ ಇದು ಸರಿಯಲ್ಲ.

ಆ ಒಪ್ಪಿಗೆ ಹೇಳುವುದು ಇಷ್ಟೇ: ಕಾರ್ಡ್ ಚಾಲ್ತಿಯಲ್ಲಿದೆ, ಅಷ್ಟು ಮೊತ್ತಕ್ಕೆ ಅವಕಾಶವಿದೆ. ಬಳಸಿದವರು ಕಾರ್ಡಿನ ಒಡೆಯರೇ ಎಂಬುದಕ್ಕೆ ಅದು ಖಾತರಿಯಲ್ಲ. ಕದ್ದ ಕಾರ್ಡಾದರೆ ನಿಜವಾದ ಒಡೆಯರು ತಕರಾರು ಎತ್ತುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶ. ಚಾರ್ಜ್‌ಬ್ಯಾಕ್ ಆಗಿ, ಅಂದರೆ ಬ್ಯಾಂಕ್ ನಿಮ್ಮಿಂದ ಹಿಂಪಡೆದು, ಹಣ ಆ ಒಡೆಯರಿಗೆ ವಾಪಸ್ ಹೋಗುತ್ತದೆ, ಮಾಲು ಮೊದಲೇ ಹೋಗಿರುತ್ತದೆ, ಮೇಲೆ ಶುಲ್ಕ ಬೇರೆ.

ನಮ್ಮಲ್ಲಿ ಒಟಿಪಿ ರೂಢಿ. ಅಮೆರಿಕದ ಕಾರ್ಡ್‌ಗಳಲ್ಲಿ ಎಷ್ಟೋ ಸಲ ಅದಿಲ್ಲ. ತ್ರೀ-ಡಿ ಸೆಕ್ಯೂರ್ ದೃಢೀಕರಣ (ಕಾರ್ಡ್ ಬಳಸುತ್ತಿರುವವರು ಒಡೆಯರೇ ಎಂದು ಒಟಿಪಿಯಂಥ ದಾರಿಯಲ್ಲಿ ಬ್ಯಾಂಕ್ ಮಾಡುವ ಪರಿಶೀಲನೆ) ನಡೆದಿದ್ದರೆ ವಂಚನೆಯ ನಷ್ಟ ಬಹುಮಟ್ಟಿಗೆ ಕಾರ್ಡ್ ಕೊಟ್ಟ ಬ್ಯಾಂಕಿನದು. ನಿಮ್ಮ ಪೇಮೆಂಟ್ ಗೇಟ್‌ವೇಯಲ್ಲಿ (ಆನ್‌ಲೈನ್ ಹಣ ಪಡೆದುಕೊಡುವ ಸೇವೆಯಲ್ಲಿ) ಅದು ಆನ್ ಇದೆಯೇ ನೋಡಿ.

ಇನ್ನೊಂದು ಅತಿರೇಕವೂ ಇದೆ: ‘ಕಾರ್ಡ್ ಒಂದು ದೇಶದ್ದು, ವಿಳಾಸ ಇನ್ನೊಂದು ದೇಶದ್ದಾದರೆ ಮೋಸವೇ.’ ನ್ಯೂಜೆರ್ಸಿಯ ಮಗಳು ಮೈಸೂರಿನ ಅಮ್ಮನಿಗೆ ಸೀರೆ ಕಳಿಸಿದರೂ ಹಾಗೇ ಕಾಣುತ್ತದಲ್ಲ! ಹಲವು ಸುಳಿವು ಒಟ್ಟಿಗೆ ಬಂದರೆ ಮಾತ್ರ ಅನುಮಾನಿಸಿ: ಒಂದೇ ಐಪಿ ವಿಳಾಸದಿಂದ (ಒಂದೇ ಇಂಟರ್ನೆಟ್ ಸಂಪರ್ಕದಿಂದ) ಬೇರೆ ಬೇರೆ ಕಾರ್ಡ್‌ಗಳ ಪ್ರಯತ್ನ, ದುಬಾರಿ ಮಾಲು, ‘ಇವತ್ತೇ ಕಳಿಸಿ’ ಎಂಬ ಅವಸರ. ಅಂಥ ಆರ್ಡರ್ ತಡೆದು ವಿಚಾರಿಸಿ. ಉತ್ತರ ಸಮಾಧಾನ ತರದಿದ್ದರೆ ಮಾಲು ಕಳಿಸದೆ ಹಣ ಮರಳಿಸಿ.