ಎಂಟು ವರ್ಷ ಸಾಕಿದ ಜಾಯಿಕಾಯಿ ಗಂಡಾಯ್ತು

ಮಳೆ ಹಿಡೀತಿದ್ದ ಹಾಗೆ ಎಲ್ಲರ ಫೇಸ್‌ಬುಕ್ ಗೋಡೆಯ ಮೇಲೂ ಗಿಡಗಳ ಫೋಟೋ. ರಾಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣು, ಈಗೀಗ ಮಕಡೇಮಿಯಾ ಕೂಡ. "ಹಿತ್ತಿಲಿಗೆ ಯಾವುದು ಹಾಕ್ಲಿ?" ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳೋದು ಒಂದೇ: ಬೀಜದ ಗಿಡವೋ, ಕಸಿಯದ್ದೋ? ಕಸಿಯಾದರೆ ಅದಕ್ಕೆ ಕಟ್ಟಿದ ಕಡ್ಡಿ ತಾಯಿಮರದ ಯಾವ ರೆಂಬೆಯದ್ದು? ತಲೆಹರಟೆ ಅನ್ನಿಸಿದರೆ ನನ್ನ ಪಾಡು ಕೇಳಿ.

ಬಚ್ಚಲ ನೀರು ಹರಿಯೋ ಕಡೆ, ಅಡಿಕೆಯ ನೆರಳಲ್ಲಿ ಒಂದು ಜಾಯಿಕಾಯಿ ನೆಟ್ಟಿದ್ದೆ. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಕಾಯಿ ಬಿಡೋದು ಹೆಣ್ಣು. ಮಾರಿದವರು "ಕಸಿ ಗಿಡ, ಹೆಣ್ಣೇ" ಅಂದಿದ್ದರು. ಬಗ್ಗಿ ಬುಡದಲ್ಲಿ ಕಸಿಯ ಗಂಟು ಹುಡುಕುವ ಬುದ್ಧಿ ಆಗ ಇರಲಿಲ್ಲ. ಏಳು ಬೇಸಿಗೆ ಕೊಡ ಹೊತ್ತೆ. ಎಂಟನೇ ವರ್ಷ ಹೂ ಬಂತು. ಮನೆಯಲ್ಲಿ ಬೀಜದ ಮೇಲಿನ ಜಾಪತ್ರೆ ಒಣಗಿಸಲು ಮೊರವೂ ತಯಾರು! ಒಂದು ಹೂ ಕಿತ್ತು ಉಗುರಲ್ಲಿ ಸೀಳಿ ನೋಡಿದೆ. ಹೆಣ್ಣಾದರೆ ಒಳಗೆ ಪುಟ್ಟ ಹಸಿರು ಪಿಂದೆ ಇರಬೇಕು. ನನ್ನದರಲ್ಲಿ ನಡುವೆ ಬರೀ ಕೇಸರದ ಕಡ್ಡಿ. ಹೂವೂ ಗೊಂಚಲು ಗೊಂಚಲು. ಹೆಣ್ಣು ಹೂ ಹೆಚ್ಚಾಗಿ ಒಂಟಿಯಾಗಿ ಬಿಡುತ್ತೆ.

ಬೀಜದಿಂದ ಎದ್ದ ಜಾಯಿಕಾಯಿಯಲ್ಲಿ ಸುಮಾರು ಅರ್ಧಕ್ಕರ್ಧ ಗಂಡು. ಹೂ ಬಿಡುವ ತನಕ ನೋಟದಲ್ಲಿ ಗೊತ್ತಾಗಲ್ಲ. ನಮ್ಮ ಪುನರ್ಪುಳಿಯದ್ದೂ (ಕೋಕಂ) ಇದೇ ಕತೆ, ಬೀಜದ ರಾಂಬುಟಾನಿನಲ್ಲೂ ಗಂಡುಗಳಿಗೆ ಬರವಿಲ್ಲ. ಎರಡು ಗುಂಡಿಗಷ್ಟೇ ಜಾಗ ಇರುವ ಹಿತ್ತಿಲಲ್ಲಿ ಈ ಜೂಜು ಯಾಕೆ?

ಹಾಗಂತ ಕಸಿ ಅಂದ ಕೂಡಲೇ ಕಣ್ಣುಮುಚ್ಚಿ ದುಡ್ಡು ಕೊಡಬೇಡಿ. ಜಾಯಿಕಾಯಿಯ ಅಡ್ಡ ರೆಂಬೆಯಿಂದ ಕಡ್ಡಿ ತೆಗೆದು ಕಸಿ ಕಟ್ಟಿದರೆ ಆ ಗಿಡ ಮರವಾಗಿ ಮೇಲೇಳಲ್ಲ, ಪೊದೆಯ ಹಾಗೆ ಅಡ್ಡಡ್ಡ ಹರಡುತ್ತೆ. ನೆಟ್ಟಗೆ ಮೇಲೇಳುವ ಚಿಗುರಿನ ಕಡ್ಡಿಯೇ ಬೇಕು. ಇನ್ನು ಮ್ಯಾಂಗೋಸ್ಟೀನ್‌ಗೆ ಕಸಿಯ ಹಟವೇ ಬೇಡ. ಅದರ ಬೀಜ ಗಂಡಿನ ಹಂಗಿಲ್ಲದೆ ಆಗುವಂಥದ್ದು, ಹಾಗಾಗಿ ಬೀಜದ ಗಿಡವೂ ತಾಯಿಯ ಹಾಗೇ. ಕಾಯಲು ಏಳೆಂಟು ವರ್ಷದ ತಾಳ್ಮೆ ಬೇಕು, ಅಷ್ಟೇ.

ಗೋಡಂಬಿಯ ಆಸೆಯಿದ್ದರೆ ಗಂಡು ಹೆಣ್ಣಿನ ಚಿಂತೆ ಇಲ್ಲ, ಗಂಡು ಹೂವೂ ದ್ವಿಲಿಂಗಿ ಹೂವೂ ಒಂದೇ ಗೊಂಚಲಲ್ಲಿ. ಆದರೆ ಗೇರಿಗೆ ಬಿಸಿಲೂ ಜಾಗವೂ ಬೇಕು. ತೋಟದಲ್ಲೇ ಏಳೆಂಟು ಮೀಟರ್ ಅಂತರ ಬಿಟ್ಟು ನೆಡ್ತಾರೆ, ಕಾಂಪೌಂಡಿಗೆ ತಾಗಿಸಿ ನೆಟ್ಟು ಆಮೇಲೆ ಪಕ್ಕದ ಮನೆಯವರ ಹತ್ತಿರ ಮಾತು ಕೇಳಬೇಡಿ.

ನನ್ನ ಗಂಡು ಮರ ಕಡಿಯಲು ಮನಸ್ಸು ಬರಲಿಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಮೈತುಂಬ ಕಾಯಿ ಬಿಡುವ ಹೆಣ್ಣು ಮರವಿದೆ, ಅದರ ನೆಟ್ಟಗಿನ ಚಿಗುರು ಕೇಳಿಟ್ಟಿದ್ದೇನೆ. ನಮ್ಮ ಮರದ ತಲೆ ತರಿದು, ಹೊಸ ಚಿಗುರು ಬಂದ ಮೇಲೆ ಅದಕ್ಕೇ ಕಸಿ ಕಟ್ಟಿಸೋದು. ಒಂದು ಕೊಂಬೆಯನ್ನು ಮಾತ್ರ ಗಂಡಾಗಿಯೇ ಉಳಿಸ್ತೀನಿ, ಪರಾಗಕ್ಕೆ ಬೇಕಲ್ಲ. ಮೊರ ಸದ್ಯಕ್ಕೆ ಅಟ್ಟದ ಮೇಲಿದೆ.