ಕೆಂಚನನ್ನು ಮಾರಿದ ನಮ್ಮ ಮಾವನಿಗೆ

ಕೂಕನಪಳ್ಳಿ ಕುರಿ ಸಂತೆಯಿಂದ ಈಗಷ್ಟೇ ಬಂದು ಕೂತಿದ್ದೇನೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಂಗಡಿ ಶಟರ್ ಕೂಡ ಎತ್ತಿಲ್ಲ. ಝೆರಾಕ್ಸ್ ಬೇಕಾದವರು ನಾಳೆ ಬನ್ನಿ, ಇವತ್ತು ಬಯ್ಯುವ ಕೆಲಸವಿದೆ.

ನಮ್ಮ ಸೋದರಮಾವ ಕೆಂಚನನ್ನು ಮಾರಿಬಿಟ್ಟರು.

ಕೆಂಚ ಯಾರು ಅಂತ ನಿಮಗೆ ಗೊತ್ತು. ಹಟ್ಟಿ ಹಬ್ಬದ ದಿನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ ಫೋಟೋ ಹಾಕಿದ್ದೆನಲ್ಲ, ನನ್ನ ಮದುವೆ ಫೋಟೋಗಿಂತ ಜಾಸ್ತಿ ಲೈಕ್ ಬಂದಿತ್ತಲ್ಲ, ಅದೇ ಟಗರು. ಅಪ್ಪಟ ಕೆಂಗುರಿ. ಹೆಸರೇ ಹೇಳುತ್ತದೆ, ಕೆಂಪು ಕುರಿ ಅಂತ. ರಾಯಚೂರು, ಕೊಪ್ಪಳದ ಮಸಾರಿ ನೆಲದಲ್ಲಿ ನಡೆದೂ ನಡೆದೂ ಗಟ್ಟಿಯಾದ ತಳಿ. ಉಣ್ಣೆ ಹೇಳಿಕೊಳ್ಳುವಷ್ಟಿಲ್ಲ, ಮಾಂಸಕ್ಕೇ ಸಾಕುವುದು.

ಹೋದ ವರ್ಷ ಬೇಸಿಗೆಯಲ್ಲಿ, ಕಾರಟಗಿ ಕಡೆ ಎರಡನೇ ಬೆಳೆ ಭತ್ತ ಕೊಯ್ದ ಮೇಲೆ ಮಾವ ಅಲ್ಲಿ ಕುರಿ ತರುಬಿದ್ದರು, ಅಂದರೆ ಗೊಬ್ಬರಕ್ಕೆ ಅಂತ ರಾತ್ರಿ ಹಿಂಡನ್ನು ಗದ್ದೆಯಲ್ಲೇ ನಿಲ್ಲಿಸಿದ್ದರು. ಪಕ್ಕದ ಗದ್ದೆಯಲ್ಲಿ ಲಿಂಗಸುಗೂರಿನ ಕಡೆಯವರ ಹಟ್ಟಿ. ಅವರ ಹಿಂಡಿನಲ್ಲಿ ಈ ಮರಿ ಕಣ್ಣಿಗೆ ಬಿತ್ತು. ಆಗ ಆರು ತಿಂಗಳಿರಬೇಕು. ನಾನು ಮರಿ ನೋಡುವ ಮೊದಲು ಅದರ ತಾಯಿ ನೋಡಿದೆ. ಕೆಚ್ಚಲು ಸಮ, ಕಾಲು ನೆಟ್ಟಗೆ, ಒಂದು ವರ್ಷವೂ ತಪ್ಪದೆ ಈದವಳಂತೆ. ಎರಡು ಹೆಣ್ಣುಮರಿ ಕೊಟ್ಟು ಬದಲಿಗೆ ಇವನನ್ನು ತಂದೆವು. ಯಾಕೆ? ಮಾವನ ಹಿಂಡಿಗೆ ಹೊರಗಿನ ರಕ್ತ ಬೇಕಿತ್ತು. ಹಳೇ ಟಗರು ನಾಲ್ಕು ವರ್ಷ ಅಲ್ಲೇ ಇತ್ತು. ಹಿಂಡಿನ ಅರ್ಧ ಅದರ ಹೆಣ್ಣುಮಕ್ಕಳೇ. ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಬೇಕು ಅಂತ ನಾನು ಬಾಯಿ ನೋವು ಬರುವ ತನಕ ಹೇಳಿದ ಮೇಲೆ ಬಂದವನು ಕೆಂಚ.

ಅವನಿಗೀಗ ಒಂದೂವರೆ ವರ್ಷ. ಎರಡು ಹಲ್ಲು ಬಂದಿವೆ. ಮಿರಗದ ಮಳೆ (ಜೂನ್ ಶುರುವಿನ ಮೃಗಶಿರಾ) ಬಿದ್ದರೆ ಇದೇ ಮೊದಲ ಸಲ ಹಿಂಡಿಗೆ ಬಿಡಬೇಕಿತ್ತು. ಒಂದು ವರ್ಷ ಸಾಕಿದರು. ಕೆಲಸ ಶುರುವಾಗುವ ಎರಡು ವಾರ ಮೊದಲು ಮಾರಿದರು. ಮಗನನ್ನು ಎಂಜಿನಿಯರಿಂಗ್ ಓದಿಸಿ, ನೌಕರಿಗೆ ಹೋಗುವ ದಿನ ಸನ್ಯಾಸಕ್ಕೆ ಕಳಿಸಿದ ಹಾಗೆ.

ಸಂತೆಯಲ್ಲಿ ನಾನು ಹತ್ತು ಅಡಿ ದೂರದಲ್ಲಿದ್ದೆ. ವ್ಯಾಪಾರಿ ಬಂದ. ಕೆಂಚನ ತುಟಿ ಸರಿಸಿ ಹಲ್ಲು ನೋಡಿದ. ಬೆನ್ನೆಲುಬಿನ ಮೇಲೆ ಹೆಬ್ಬೆರಳು ಒತ್ತಿ ಮಾಂಸ ನೋಡಿದ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡಿದ. ಹಿಂದೆ ಕೈ ಹಾಕಿ ಬೀಜ ಎರಡೂ ಸಮ ಇವೆಯಾ ಅಂತಲೂ ನೋಡಿದ. ಆಮೇಲೆ ಟವೆಲ್ ಕೆಳಗೆ ಮಾವನ ಬೆರಳು ಹಿಡಿದು ರೇಟು ಮುಗಿಸಿದ. ಒಂದು ನಿಮಿಷ ಆಗಿರಲಿಲ್ಲ. ಬೀಜದ ಟಗರು ಆರಿಸುವವರು ಟಗರಿನ ಮೈಯಲ್ಲಿ ನೋಡಬೇಕಾದ್ದು ಇಷ್ಟೇ ಅಲ್ವಾ? ಅಷ್ಟನ್ನೂ ಆ ಮನುಷ್ಯ ನೋಡಿದ. ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಬಕ್ರೀದ್‌ಗೆ ಎರಡು ಹಲ್ಲಿನ, ಊನವಿಲ್ಲದ ಟಗರು ಬೇಕು, ಆರಿಸಿಕೊಂಡ. ಕೊಳ್ಳುವವರು ಆರಿಸುತ್ತಾರೆ. ಸಾಕುವ ನಾವು ಆರಿಸುವುದಿಲ್ಲ. ನನ್ನ ತಕರಾರು ಇಷ್ಟೇ, ಬೇಕಾದರೆ ಇಲ್ಲಿಗೇ ಓದುವುದು ನಿಲ್ಲಿಸಿ.

"ಇಪ್ಪತ್ತಾರು ಸಾವಿರ ಬಂತು ನೋಡಪಾ ಅಳಿಯಾ!" ಅಂದರು ಮಾವ. ಮುಖದಲ್ಲಿ ಲಾಟರಿ ಹೊಡೆದ ಕಳೆ.

"ಮತ್ತ ಹಿಂಡಿಗೆ ಯಾವ ಟಗರು ಬಿಡ್ತೀರಿ ಮಾವ?"

"ಕುಂಟ್ಯಾ ಐತಲ್ಲ."

ಕುಂಟ್ಯಾ! ಮರಿಯಾಗಿದ್ದಾಗ ಮುಂಗಾಲು ಸೊಟ್ಟ, ಎರಡು ಸಂತೆ ತೋರಿಸಿದರೂ ಯಾರೂ ಮುಟ್ಟದೆ ವಾಪಸ್ ಬಂದವನು. ಸಾಲದ್ದಕ್ಕೆ ಅದೇ ಹಳೇ ಟಗರಿನ ಮಗ. ಅಂದರೆ ಈ ಸಲ ಹಿಂಡಿನಲ್ಲಿ ಅಣ್ಣ-ತಂಗಿ ಸಂಸಾರ.

ನಮ್ಮ ಅಜ್ಜಿ ಇದ್ದಾಗ ಜೋಳ ಕೊಯ್ಯುವ ಮೊದಲು ಒಬ್ಬಳೇ ಹೊಲ ಸುತ್ತುತ್ತಿದ್ದಳು. ತುಂಬಿದ, ಕಾಡಿಗೆ ರೋಗ ಇಲ್ಲದ ತೆನೆ ನೋಡಿ ನೋಡಿ ಮುರಿದು ಸೆರಗಿಗೆ ಹಾಕುತ್ತಿದ್ದಳು. ಅವು ಜಂತಿಗೆ ನೇತಾಡುತ್ತಿದ್ದವು. ಬರಗಾಲ ಬಂದರೂ, ಮಕ್ಕಳು ಹಸಿದರೂ ಆ ತೆನೆಗೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ. ಮಾವ ಅದೇ ಮನೆಯಲ್ಲಿ ಬೆಳೆದವರು, ಅದೇ ಅವ್ವನ ಮಗ. ಜೋಳಕ್ಕಿದ್ದ ಬುದ್ಧಿ ಕುರಿಗೆ ಯಾಕಿಲ್ಲ? ದಪ್ಪ ತೆನೆಯನ್ನೆಲ್ಲ ಸಂತೆಗೆ ಹಾಕಿ, ಜೊಳ್ಳನ್ನು ಬಿತ್ತುವುದು. ಆಮೇಲೆ "ಮೊದಲಿನಂಥ ಕುರಿ ಈಗೆಲ್ಲಿ ಬಿಡು" ಅಂತ ಕಟ್ಟೆ ಮೇಲೆ ಕೂತು ನಿಟ್ಟುಸಿರು. ಎಲ್ಲಿ ಹೋದವು ಅಂದರೆ? ನೀವೇ ಟೆಂಪೋ ಹತ್ತಿಸಿ ಕಳಿಸಿದಿರಿ.

ಇನ್ನೊಂದು ಫಜೀತಿ ನೋಡಿ. ಬಕ್ರೀದ್ ವರ್ಷಕ್ಕೆ 10-11 ದಿನ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಮೇ ಕೊನೆ, ಜೂನ್ ಮೊದಲು ಹೀಗೆ ಬೀಳುತ್ತಿದೆ. ನಮ್ಮ ಕಡೆ ಕುರಿ ಹೆಚ್ಚಾಗಿ ಬೆದೆಗೆ ಬರುವುದೂ ಮುಂಗಾರಿನ ಮೊದಲ ಹಸಿರು ತಿಂದ ಮೇಲೆ, ಜೂನ್‌ನಲ್ಲಿ. ಬಿತ್ತನೆಗೆ ರೊಕ್ಕ ಬೇಕಾಗುವುದೂ ಆಗಲೇ. ಶಾಲೆ ಫೀಸೂ ಆಗಲೇ. ಹಿಂಡಿಗೆ ಟಗರು ಬೇಕಾದ ಹೊತ್ತಿಗೇ ಟಗರಿಗೆ ಎಲ್ಲಕ್ಕಿಂತ ಜಾಸ್ತಿ ರೇಟು. ಗಟ್ಟಿ ಮನಸ್ಸಿನವರಿಗೂ ಕೈ ನಡುಗುತ್ತದೆ, ಒಪ್ಪುತ್ತೇನೆ.

ಆದರೆ ಜೂನ್ ತಪ್ಪಿದರೆ ಏನಾಗುತ್ತದೆ ಅಂತ ಒಂದು ಸಲ ಬೆರಳು ಮಡಚಿ ನೋಡಿ. ಕುರಿ ಗಬ್ಬ ಹೊರುವುದು ಐದು ತಿಂಗಳು, ದಿನದಲ್ಲಿ ಹೇಳಿದರೆ 147-150. ಮಿರಗ, ಆರಿದ್ರಾದಲ್ಲಿ ಟಗರು ಬಿಟ್ಟರೆ ದೀಪಾವಳಿ ಆಸುಪಾಸು ಶುರುವಾಗಿ ನವೆಂಬರ್‌ನಲ್ಲಿ ಈಯುತ್ತವೆ. ಹೊಟ್ಟೆಯಲ್ಲಿ ಮರಿ ಬೆಳೆಯುವುದು ಹೆಚ್ಚಾಗಿ ಕೊನೆಯ ಆರು ವಾರದಲ್ಲಿ. ಆ ಆರು ವಾರ ಎಲ್ಲಿ ಬೀಳುತ್ತದೆ? ಹಸ್ತ, ಚಿತ್ತಾ ಮಳೆಯಲ್ಲಿ, ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ಬದು, ಹಳ್ಳದ ದಂಡೆ ಎಲ್ಲ ಹಸಿರು. ಈದ ಮೇಲೆ ತಾಯಿಗೆ ಹಾಲು ಬೇಕು ಅನ್ನುವಾಗ ಸಜ್ಜೆ, ಮೆಕ್ಕೆಜೋಳ ಕೊಯ್ದ ಹೊಲ ಖಾಲಿ. ಶೇಂಗಾ ಹೊಟ್ಟು ಸಿಗುತ್ತದೆ. ಆಮೇಲೆ ಗಂಗಾವತಿ, ಸಿಂಧನೂರು ಕಡೆ ಕಾಲುವೆ ಕೆಳಗಿನ ಭತ್ತದ ಗದ್ದೆ ಖಾಲಿಯಾಗುತ್ತವೆ. ತರುಬಿದರೆ ಮೇವಿಗೆ ಮೇವು, ರಾತ್ರಿಗಿಷ್ಟು ಅಂತ ರೊಕ್ಕ. ಬಿಸಿಲು ಏರುವ ಹೊತ್ತಿಗೆ ಮರಿ ಹಾಲು ಬಿಟ್ಟು ಮೇಯುವ ಹಾಗೆ ಆಗಿರುತ್ತದೆ. ನಮ್ಮ ಹಿರಿಯರು ಯಾವ ಕಾಲೇಜಿಗೂ ಹೋಗದೆ ಕೂಡಿಸಿಟ್ಟ ಲೆಕ್ಕ ಇದು.

ಅದೇ ಟಗರನ್ನು ವರ್ಷವಿಡೀ ಹಿಂಡಿನಲ್ಲೇ ಬಿಟ್ಟರೆ, ಇಲ್ಲ ಜೂನ್‌ನಲ್ಲಿ ಸರಿಯಾದ ಟಗರೇ ಇಲ್ಲದಿದ್ದರೆ, ಈಯುವುದು ಚೆಲ್ಲಾಪಿಲ್ಲಿ. ಜುಲೈನಲ್ಲಿ ನಾಲ್ಕು ಈಯುತ್ತವೆ, ಕೆಸರಿನಲ್ಲಿ ಮರಿಗೆ ಕೆಮ್ಮು, ತಾಯಿಗೆ ಗೊರಸು ಕೊಳೆ. ಏಪ್ರಿಲ್‌ನಲ್ಲಿ ಆರು. ರಾಯಚೂರು ಬಿಸಿಲು ಗೊತ್ತಲ್ಲ, 42 ಡಿಗ್ರಿ. ಬಳ್ಳಾರಿ ಜಾಲಿ ಕಾಯಿ ಬಿಟ್ಟರೆ ನೆಲದ ಮೇಲೆ ಏನೂ ಇರಲ್ಲ. ತಾಯಿಗೇ ಗತಿಯಿಲ್ಲ, ಮರಿಗೆಲ್ಲಿ ಹಾಲು? ಔಷಧಿ ಕುಡಿಸುವುದು, ಸೂಜಿ ಹಾಕಿಸುವುದು, ಮಾರುವುದು, ಯಾವುದೂ ಒಂದು ಸಲಕ್ಕೆ ಮುಗಿಯಲ್ಲ. ನಮ್ಮ ಅಪ್ಪ ಬೇಸಿಗೆಯಲ್ಲಿ ಟಗರಿನ ಹೊಟ್ಟೆ ಕೆಳಗೆ ಗೋಣಿ ತಟ್ಟು ಕಟ್ಟುತ್ತಿದ್ದ. ಹತ್ತಿದರೂ ಕೆಲಸ ಆಗದ ಹಾಗೆ. ಊರ ಹುಡುಗರು ಟಗರಿಗೆ ಚಡ್ಡಿ ಹಾಕ್ಯಾರ ಅಂತ ನಗುತ್ತಿದ್ದರು. ಈಗ ಯಾರೂ ಕಟ್ಟುವುದಿಲ್ಲ. ನಗುವವರೇ ಗೆದ್ದರು.

ನಮ್ಮ ಹಿಂಡಿನಲ್ಲಿ (ನಮ್ಮದು ಅಂದರೆ ಅವ್ವನದು, ಹಾಗಂತ ಅವಳು ದಿನಕ್ಕೆರಡು ಸಲ ನೆನಪಿಸುತ್ತಾಳೆ) ಹೋದ ವರ್ಷ ಒಂದು ಪ್ರಯೋಗ ಮಾಡಿದೆ. ಟಗರು ಬಿಡುವ ಎರಡು ಮೂರು ವಾರ ಮೊದಲಿನಿಂದ ಕುರಿಗಳಿಗೆ ದಿನಕ್ಕೆ ಕಾಲು ಕೆ.ಜಿ. ನುಚ್ಚು ಕೊಟ್ಟೆ. ಹಾಗೆ ಕೊಟ್ಟರೆ ಬೆದೆ ಚೆನ್ನಾಗಿ ಬರುತ್ತದೆ. ಟಗರಿನ ಎದೆಗೆ ಬಣ್ಣ ಬಳಿದರೆ ಯಾವ ಕುರಿ ಆಯ್ತು, ಯಾವುದು ಇಲ್ಲ ಅಂತ ಬೆನ್ನು ನೋಡಿಯೇ ತಿಳಿಯುತ್ತದೆ. ಕೆಮ್ಮಣ್ಣು ಎಣ್ಣೆಯಲ್ಲಿ ಕಲಸಿ ದೊಡ್ಡ ವಿಜ್ಞಾನಿಯ ಹಾಗೆ ಬಳಿದು ಬಿಟ್ಟೆ. ಮರುದಿನ ಹೋಗಿ ನೋಡಿದರೆ ಏನೂ ಕಾಣುತ್ತಿಲ್ಲ. ಅವ್ವ ಬಿದ್ದು ಬಿದ್ದು ನಕ್ಕಳು. "ಕೆಂಪು ಕುರಿ ಮ್ಯಾಲ ಕೆಮ್ಮಣ್ಣು ಹೆಂಗ ಕಾಣಬೇಕಲೇ ಶಾಣ್ಯಾ?" ಆಮೇಲೆ ಬಟ್ಟೆಗೆ ಹಾಕುವ ನೀಲಿ ಪುಡಿ ತಂದೆ. ಬೆದೆ ತಿರುಗಿ ಬರುವುದು 17 ದಿನಕ್ಕೆ. ಮೂರು ಸುತ್ತು ಅಂದರೆ ಸುಮಾರು 50 ದಿನ ಬಿಟ್ಟು ಟಗರನ್ನು ಬೇರೆ ಕಟ್ಟಿದೆ. ನವೆಂಬರ್‌ನಿಂದ ಕ್ರಿಸ್‌ಮಸ್ ಹೊತ್ತಿಗೆ ಈಯುವುದೆಲ್ಲ ಮುಗಿಯಿತು. ಅಷ್ಟೂ ದಿನ ಅವ್ವ ಹಟ್ಟಿಯಲ್ಲೇ. ಬಿದ್ದ ಮರಿಗೆ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿದಳು, ಹೊಕ್ಕುಳಿಗೆ ಟಿಂಚರ್ ಹಚ್ಚಿದಳು.

ಸರಿ, ಈಗ ನಿಮ್ಮ ಕಾಮೆಂಟ್ ನಾನೇ ಬರೆಯುತ್ತೇನೆ. "ಅಣ್ಣಾ, ಬಡವರಿಗೆ ರೊಕ್ಕ ಬೇಕಾದಾಗ ಮಾರದೆ ಏನು ಮಾಡ್ತಾರೆ? ಟಗರು ಇಟ್ಟುಕೊಂಡು ನಾಳೆ ರೋಗ ಬಂದು ಸತ್ತರೆ? ಕಳ್ಳರು ಹೊತ್ತೊಯ್ದರೆ?" ನಿಜ, ಸಾಯಬಹುದು. ಕುರಿ ಅಂದಮೇಲೆ ಸಾವು ಇದ್ದದ್ದೇ. ಆದರೆ ಮಾವನ ಹಟ್ಟಿಯಲ್ಲಿ ಮೂರು ಗೊಡ್ಡು ಕುರಿ ಇವೆ. ಎರಡು ವರ್ಷದಿಂದ ಈದಿಲ್ಲ. ಒಂದರ ಹಲ್ಲು ಸವೆದು ಮೇಯುವುದೂ ಕಷ್ಟ. ಮೂರನ್ನೂ ಕೊಟ್ಟಿದ್ದರೆ ಇಪ್ಪತ್ತಾರಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು. ಕೇಳಿದರೆ, "ಅವು ಹಳೇವು ಅಳಿಯಾ, ಜೀವಕ್ಕ ಹತ್ತ್ಯಾವ." ಉಂಡು ಮಲಗುವವು ಜೀವಕ್ಕೆ ಹತ್ತಿದವು, ದುಡಿಯುವವನು ಟೆಂಪೋ ಹತ್ತಿದ.

ಲೆಕ್ಕ ಬೇಕಾ? ಒಂದು ಟಗರಿಗೆ 25-30 ಕುರಿ. 27 ಮರಿ ಉಳಿದವು ಅನ್ನಿ. ಒಳ್ಳೆ ಟಗರಿನ ಮರಿ ಮಾರುವ ಹೊತ್ತಿಗೆ ಬರೀ ಎರಡು ಕಿಲೋ ಜಾಸ್ತಿ ತೂಗಲಿ. 54 ಕಿಲೋ. ಕಿಲೋಗೆ 400 ಹಿಡಿದರೂ 21,600. ಎರಡು ವರ್ಷಕ್ಕೆ 43,200. ಆಮೇಲೆ ಆ ಟಗರನ್ನು ಬೇರೆ ಊರಿನವರಿಗೆ ಬದಲಿ ಕೊಡಬಹುದು, ಮಾರಲೂಬಹುದು. ಜೊತೆಗೆ ಅವನ ಹೆಣ್ಣುಮಕ್ಕಳು ಹಿಂಡಿನಲ್ಲೇ ಉಳಿಯುತ್ತವೆ. ಇದನ್ನು ಅಂಗಡಿ ಬಿಲ್ ಪುಸ್ತಕದ ಹಿಂದೆ ಬರೆದು ಮಾವನಿಗೆ ತೋರಿಸಿದ್ದೆ. "ನಿನ್ನ ಅಕ್ಷರ ಚೊಲೋ ಐತಿ" ಅಂದರು.

ಇನ್ನು ಕೆಲವರು ಡಾರ್ಪರ್ ತನ್ನಿ, ನಾರಿ ಸುವರ್ಣ ತನ್ನಿ, ಅವಳಿ ಮರಿ ಹಾಕುತ್ತವೆ ಅಂತ ವಿಡಿಯೋ ಕಳಿಸುತ್ತೀರಿ. ಶೆಡ್ಡು ಕಟ್ಟಿ, ಮೇವು ಕೊಯ್ದು ಹಾಕುವವರು ತರಲಿ, ಬೇಡ ಅನ್ನಲ್ಲ. ನಮ್ಮವು ದಿನಾ ಹತ್ತು ಕಿಲೋಮೀಟರ್ ನಡೆಯುವ ಕುರಿ. ಎರಡು ಮರಿಗೆ ಸಾಲುವಷ್ಟು ಹಾಲು ಆ ನಡಿಗೆಯಲ್ಲಿ ಎಲ್ಲಿಂದ ತರಬೇಕು? ಹೊರಗಿನ ತಳಿ ಮಾತು ಆಮೇಲೆ. ಮನೆ ಟಗರನ್ನು ಉಳಿಸಿಕೊಳ್ಳಲಾಗದ ನಾವು ಅದನ್ನಾದರೂ ಉಳಿಸುತ್ತೇವಾ? ಅದನ್ನೂ ಮುಂದಿನ ಬಕ್ರೀದ್‌ಗೆ ಕಳಿಸುತ್ತೇವೆ, ಒಳ್ಳೆ ರೇಟು ಬರುತ್ತೆ.

ಈಗ ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದ ಮಾತು. ನಾಲ್ಕು ವರ್ಷದ ಹಿಂದೆ ಅಂಗಡಿಗೆ ದೊಡ್ಡ ಝೆರಾಕ್ಸ್ ಮಷೀನ್ ತಂದೆನಲ್ಲ, ಪೂಜೆಗೆ ನೀವೆಲ್ಲ ಬಂದು ಪೇಢೆ ತಿಂದಿರಲ್ಲ, ಅದರ ಮುಂಗಡ ಕೊಟ್ಟಿದ್ದು ಅಪ್ಪ ಬಿಟ್ಟುಹೋದ ಕೊನೆಯ ಟಗರು ಮಾರಿ. ಅವ್ವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ವರ್ಷ ಯಾರದೋ ಟಗರು ಎರವಲು ತಂದೆ. ಅದಕ್ಕೆ ಮೇ ತಿಂಗಳಲ್ಲಿ ಜೋರು ಜ್ವರ ಬಂದು ಹೋಗಿತ್ತು, ಯಜಮಾನರು ಹೇಳಿರಲಿಲ್ಲ. ಜ್ವರ ಬಂದ ಟಗರು ಏಳೆಂಟು ವಾರ ನೋಡಲಿಕ್ಕಷ್ಟೇ ಟಗರು. ಹೊಸ ಬೀಜ ತಯಾರಾಗಲು ಅಷ್ಟು ದಿನ ಬೇಕು. ಸುಡು ಬಿಸಿಲಿನಲ್ಲಿ ನೆರಳಿಲ್ಲದೆ ನಿಲ್ಲಿಸಿದರೂ ಅದೇ ಕಥೆ. ಅದಕ್ಕೇ ಬೇಸಿಗೆಯಲ್ಲಿ ಟಗರಿಗೆ ಬೇವಿನ ನೆರಳು ಬೇಕು ಅನ್ನುವುದು. ಎರವಲಿನವನು ಉತ್ಸಾಹದಿಂದ ಹತ್ತಿದ್ದೇ ಹತ್ತಿದ್ದು. ನಲವತ್ತೊಂದರಲ್ಲಿ ಹದಿಮೂರು ಖಾಲಿ ಉಳಿದವು. ಮಷೀನ್ ಎರಡೇ ವರ್ಷಕ್ಕೆ ಕೆಟ್ಟಿತು, ಅದು ಬೇರೆ ಮಾತು.

ಹಾಗಾಗಿ ಮಾವನಿಗೆ ಬಯ್ಯುವ ಯೋಗ್ಯತೆ ನನಗಿಲ್ಲ ಅಂತ ಕೆಲವರು ಅನ್ನಬಹುದು. ಇದೆ. ಸುಟ್ಟುಕೊಂಡವನೇ ತಾನೇ ಕೂಗುವುದು?

ಇಷ್ಟು ಬರೆಯುವಷ್ಟರಲ್ಲಿ ಒಳಗೆ ಅವ್ವನ ಫೋನು ರಿಂಗಾಯಿತು. ಮಾವನದೇ. ಸ್ಪೀಕರ್ ಹಾಕಿಯೇ ಮಾತಾಡುವುದು ಅವಳ ರೂಢಿ.

"ಅಕ್ಕಾ, ಮಿರಗ ಕೂಡೂತ್ಲೆ ನಿಮ್ಮ ಟಗರು ಒಂದು ತಿಂಗಳ ಮಟ್ಟಿಗೆ ಕಳಸು. ಕುಂಟ್ಯಾಂದು ಯಾಕೋ ಭರೋಸಾ ಇಲ್ಲ."

ನಮ್ಮ ಟಗರು ಎಲ್ಲಿಂದ ಬಂದದ್ದು ಗೊತ್ತಾ? ಮೂರು ವರ್ಷದ ಹಿಂದೆ ಮಾವನೇ ಅಕ್ಕನಿಗೆ ಉಡಿ ತುಂಬಿ ಕೊಟ್ಟ ಮರಿ. ಅದೇ ಹಳೇ ಟಗರಿನ ಮಗ. ಕುಂಟ್ಯಾನ ಅಣ್ಣ.

ನಾನು ಬಾಗಿಲಲ್ಲಿ ನಿಂತು ಎರಡೂ ಕೈ ಆಡಿಸಿ ಬೇಡ ಬೇಡ ಅಂದೆ. ಅವ್ವ ನನ್ನ ಕಡೆ ನೋಡುತ್ತಲೇ, "ಹೂಂ, ಕಳಸ್ತೀನಿ ತಗೋ" ಅಂದಳು.