ಮನೆಯವರಿಗೂ ಬೇಕು ಒಂದು ಶಿಬಿರ

ಚೆನ್ನೈಯಲ್ಲಿ ನೆಲೆಸಿದ ಮೇಲೆ ಊರಿನ ನೆಂಟರಿಷ್ಟರು ನನ್ನಿಂದ ಬಯಸುವ ಸಹಾಯ ಹೆಚ್ಚಾಗಿ ಆಸ್ಪತ್ರೆಗೆ ಸಂಬಂಧಿಸಿದ್ದು: ಕಣ್ಣಿನ ಶಸ್ತ್ರಚಿಕಿತ್ಸೆ, ಹೃದಯದ ತಪಾಸಣೆ, ಮತ್ತೆ ದನಿ ತಗ್ಗಿಸಿ ಕೇಳುವ ಕುಡಿತದ ಚಿಕಿತ್ಸೆ. ಈ ಮೂರನೆಯದನ್ನು ವಿಚಾರಿಸುವವರ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಎಷ್ಟು ಖರ್ಚಾಗುತ್ತದೆ, ಖಂಡಿತವಾಗಿ ಬಿಡಿಸುತ್ತಾರೆಯೇ? ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಒಪ್ಪಿಸಿ ರಿಪೇರಿಯಾದ ಮೇಲೆ ತಂದುಕೊಳ್ಳುವ ಹಾಗೆ ಮನುಷ್ಯನನ್ನೂ ಬಿಟ್ಟು ಬರಬಹುದೆಂಬ ಲೆಕ್ಕಾಚಾರ ಅದರಲ್ಲಿದೆ. ತಾವೂ ಅಲ್ಲಿ ಕೂರಬೇಕಾಗಬಹುದು ಎಂಬುದು ಯಾರಿಗೂ ಹೊಳೆದಿರುವುದಿಲ್ಲ. ಕರ್ನಾಟಕದಲ್ಲಿ ಚಿಕಿತ್ಸೆಯೇ ಇಲ್ಲವೆಂದು ನಾನು ಹೇಳಲಾರೆ. ಇರುವ ಚಿಕಿತ್ಸೆಯಲ್ಲಿ ಮನೆಯವರಿಗೆ ಕರೆತರುವ, ಹಣ ಕಟ್ಟುವ, ಕಾವಲು ಕಾಯುವ ಕೆಲಸವಲ್ಲದೆ ಬೇರೆ ಜಾಗವಿಲ್ಲ ಎಂಬುದು ನನ್ನ ತಕರಾರು.

ಈ ತಕರಾರು ಹುಟ್ಟಿದ್ದು ಇಲ್ಲಿನ ರೀತಿಯನ್ನು ನೋಡಿದ ಮೇಲೆ. ಮದ್ಯವ್ಯಸನದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಪತಿಯ ಹೆಸರಿನಲ್ಲಿ ಸ್ಥಾಪಿಸಿದ ಸಂಸ್ಥೆ ಚೆನ್ನೈಯ ಇಂದಿರಾನಗರದಲ್ಲಿದೆ. ಜನ ಅದನ್ನು ಟಿಟಿಕೆ ಆಸ್ಪತ್ರೆ ಎನ್ನುತ್ತಾರೆ. ವ್ಯಸನ ಕುಟುಂಬಕ್ಕೇ ತಗಲುವ ಕಾಯಿಲೆ ಎಂಬ ತಿಳಿವಳಿಕೆಯ ಮೇಲೆ ಅದು ಬೆಳೆದಿದೆ, ಆದ್ದರಿಂದ ರೋಗಿಯ ಚಿಕಿತ್ಸೆಯ ಜೊತೆಗೇ ಮನೆಯವರಿಗಾಗಿ ಬೇರೆಯದೇ ಆದ ಕಾರ್ಯಕ್ರಮವನ್ನೂ ಅಲ್ಲಿ ನಡೆಸುತ್ತಾರೆ. ಗಂಡನನ್ನು ಹಾಗೆ ಕಳೆದುಕೊಂಡ ಹೆಣ್ಣೊಬ್ಬಳು ಕಟ್ಟಿದ ಆಸ್ಪತ್ರೆಯಲ್ಲಿ ಹೆಂಡತಿಯ ಕಷ್ಟಕ್ಕೂ ಒಂದು ವೇಳಾಪಟ್ಟಿ ಇರುವುದು ಆಕಸ್ಮಿಕವಲ್ಲವೆಂದೇ ನನಗನಿಸುತ್ತದೆ. ನಗರದ ಬೇರೆ ಕೆಲವು ಕೇಂದ್ರಗಳಲ್ಲಿಯೂ ಈ ಪದ್ಧತಿ ರೂಢಿಯಲ್ಲಿದೆ.

ಅಂಥದೊಂದು ಕೇಂದ್ರಕ್ಕೆ ಹಾಸನದ ಕಡೆಯ ನನ್ನ ಚಿಕ್ಕಪ್ಪನ ಮಗನನ್ನು ಸೇರಿಸಿದಾಗ, ಅವನ ಹೆಂಡತಿಯ ಜೊತೆ ನಾನೂ ಕೂರಬೇಕಾಯಿತು, ಏಕೆಂದರೆ ಅಲ್ಲಿ ನಡೆಯುತ್ತಿದ್ದುದೆಲ್ಲ ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ಗಂಡನ ಕುಡಿತದಿಂದ ಆಗಬೇಕಾಗಿದ್ದ ಯಾವ ಯಾವ ಪೆಟ್ಟನ್ನು ನೀವು ತಡೆದಿರಿ, ಬರೆಯಿರಿ ಎಂದು ಸಮಾಲೋಚಕಿ ಒಂದು ಹಾಳೆ ಕೊಟ್ಟರು. ಅವಳು ಬರೆದಳು: ಜ್ವರವೆಂದು ಅವನ ಕಚೇರಿಗೆ ಫೋನು ಮಾಡಿದ್ದು, ಬಾರಿನ ಸಾಲವನ್ನು ತೆಂಗಿನಕಾಯಿ ಮಾರಿದ ದುಡ್ಡಿನಿಂದ ತೀರಿಸಿದ್ದು, ಮೈದುನನ ಮದುವೆಯಲ್ಲಿ ಅವನು ಬಿದ್ದಾಗ ಪಿತ್ತ ಕೆರಳಿದೆ ಎಂದಿದ್ದು, ರಾಗಿ ಡಬ್ಬಿಯಲ್ಲಿದ್ದ ಬಾಟಲಿಯನ್ನು ಕಂಡೂ ಮುಚ್ಚಿಟ್ಟಿದ್ದು. ಹಾಳೆ ಸಾಲದೆ ಹಿಂಬದಿಗೂ ಬರೆದಳು. ಅವಳದು ತಪ್ಪೆಂದು ಯಾರೂ ಹೇಳಲಿಲ್ಲ. ಇವುಗಳಲ್ಲಿ ಮುಂದಿನ ತಿಂಗಳು ಯಾವ ಒಂದನ್ನು ಮಾಡದೆ ಇರಬಲ್ಲಿರಿ ಎಂದಷ್ಟೇ ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿ ಕಚೇರಿಗೆ ಫೋನು ಮಾಡುವುದರ ಕೆಳಗೆ ಗೆರೆ ಎಳೆದಳು. ಅಷ್ಟೂ ಹೊತ್ತು ದುಭಾಷಿಯಾಗಿ ಪಕ್ಕದಲ್ಲಿದ್ದ ನಾನು, ಗಂಡನ ಕಡೆಯ ನೆಂಟನೊಬ್ಬ ಕೇಳಬಾರದ ಎಷ್ಟೋ ಸಂಗತಿಗಳನ್ನು ಕೇಳಿಸಿಕೊಂಡೆ, ಮತ್ತು ನಾನಿದ್ದೇನೆ ಎಂಬ ಕಾರಣಕ್ಕೇ ಅವಳು ಹೇಳದೆ ನುಂಗಿಕೊಂಡ ಸಂಗತಿಗಳೂ ಇದ್ದಿರಬೇಕು.

ಇನ್ನು ನಮ್ಮ ಕಡೆಯ ರೀತಿ. ಶ್ರೀಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಗೆ ಸಮನಾದುದನ್ನು ಚೆನ್ನೈ ನಗರದಲ್ಲಿ ನಾನು ಕಂಡಿಲ್ಲ. ಇಲ್ಲಿ ಎಲ್ಲವೂ ಗುಟ್ಟಿನಲ್ಲಿ ನಡೆಯುತ್ತದೆ, ಪಕ್ಕದ ಮನೆಗೂ ತಿಳಿಯುವುದಿಲ್ಲ. ಅಲ್ಲಾದರೆ ಊರಿನ ಕಲ್ಯಾಣಮಂಟಪದಲ್ಲೇ ಶಿಬಿರ, ಊರವರದೇ ವ್ಯವಸ್ಥಾಪನ ಸಮಿತಿ, ಹೊರಬಂದವರು ಆಮೇಲೆ ಸೇರಲು ನವಜೀವನ ಸಮಿತಿ. ಕುಡಿದದ್ದು ಊರಿಗೆಲ್ಲ ಗೊತ್ತಿರುವಾಗ ಬಿಟ್ಟದ್ದೂ ಊರಿಗೆ ಗೊತ್ತಾಗಲಿ ಎಂಬ ನಡೆಯಲ್ಲಿ ವಿವೇಕವಿದೆ, ಮಂಜುನಾಥನ ಮೇಲಿನ ಭಕ್ತಿಯೂ ಹಲವರನ್ನು ಹಿಡಿದು ನಿಲ್ಲಿಸುತ್ತದೆ. ಮನೆಯವರನ್ನು ಶಿಬಿರಕ್ಕೆ ಕರೆಸುವುದೂ ಉಂಟು. ಆದರೆ ಕರೆಸಿಕೊಂಡು ಹರಸುವುದು ಬೇರೆ, ಹೆಂಡತಿಯ ಕೈಗೆ ಹಾಳೆ ಕೊಟ್ಟು ಬರೆಸುವುದು ಬೇರೆ. ಒಂಬತ್ತನೆಯ ದಿನದಿಂದ ಅವನ ಜೊತೆ ಬಾಳಬೇಕಾದವಳಿಗೆ ಸಿಗುವ ಉಪದೇಶ ಸಾಮಾನ್ಯವಾಗಿ ಒಂದೇ: ಚೆನ್ನಾಗಿ ನೋಡಿಕೊಳ್ಳಮ್ಮ. ಆಮೇಲೆ ಅವನು ಎಡವಿದರೆ ನೋಡಿಕೊಂಡದ್ದು ಸಾಲದೆಂಬ ಆರೋಪವೂ ಅವಳ ಮೇಲೇ ಬರುತ್ತದೆ.

ಹೀಗೆ ದಿಕ್ಕು ತೋರಿಸುವವರಿಲ್ಲದ ಮನೆಯವರು ತಮಗೆ ತೋಚಿದ್ದನ್ನು ಮಾಡುತ್ತಾರೆ. ದಿನವೂ ಬಾಯಿ ಮೂಸಿ ನೋಡುತ್ತಾರೆ, ಜೇಬು ತಡಕುತ್ತಾರೆ, ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸುತ್ತಾರೆ. ಕೆಲವರು ಕೋಣೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ನಿಲ್ಲಿಸುತ್ತಾರೆ. ಹಲವು ವರ್ಷ ವಿಪರೀತ ಕುಡಿದ ಮೈಗೆ ಹಾಗೆ ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನಗಳಲ್ಲಿ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇನ್ನು ಗೋಡೆಗಳ ಮೇಲೆ, ಬಸ್ಸಿನ ಸೀಟಿನ ಹಿಂದೆ 'ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ' ಎನ್ನುವ ಜಾಹೀರಾತುಗಳಂತೂ ನನಗೆ ಸಿಟ್ಟನ್ನೇ ತರಿಸುತ್ತವೆ. ಡೈಸಲ್ಫಿರಾಮ್‌ನಂಥ ಔಷಧ ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದದ್ದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಅದನ್ನು ಗುಟ್ಟಾಗಿ ಸಾರಿಗೆ ಬೆರೆಸುವ ತಾಯಿಯನ್ನು ಮಾತ್ರ ನಾನು ದೂಷಿಸಲಾರೆ. ಬೇರೆ ದಾರಿ ಇದೆಯೆಂದು ಅವಳಿಗೆ ತೋರಿಸಿದವರಿಲ್ಲ.

ಬೇರೆ ದಾರಿ ನಿಜಕ್ಕೂ ಇದೆ, ಅದೂ ಕುಡಿಯುವವನು ಚಿಕಿತ್ಸೆಗೆ ಒಪ್ಪುವ ಮೊದಲೇ ಹಿಡಿಯಬಹುದಾದ ದಾರಿ. ಅಮೆರಿಕದಲ್ಲಿ 1951ರಲ್ಲಿ ಆರಂಭವಾಗಿ ಈಗ ಚೆನ್ನೈಯಲ್ಲಿಯೂ ಬೆಂಗಳೂರಿನಲ್ಲಿಯೂ ಸೇರುವ ಅಲ್-ಅನಾನ್ ಸಭೆಗಳು ಮನೆಯವರಿಗಾಗಿಯೇ ಇರುವಂಥವು. ಈ ಕುಡಿತಕ್ಕೆ ಕಾರಣ ನಾನಲ್ಲ, ಇದರ ಹತೋಟಿ ನನ್ನ ಕೈಯಲ್ಲಿಲ್ಲ, ಇದನ್ನು ವಾಸಿಮಾಡುವುದೂ ನನ್ನಿಂದಾಗದು ಎಂಬುದು ಅಲ್ಲಿನ ಮೊದಲ ಪಾಠ. ಮಗ ಕುಡಿಯುವುದು ಸೊಸೆಯ ಕಾಲ್ಗುಣದಿಂದ ಎನ್ನುವ ಮನೆಗಳಲ್ಲಿ ಈ ಮೊದಲ ವಾಕ್ಯವೊಂದೇ ಅರ್ಧ ಔಷಧ. ಆದರೆ ಅವನಿಂದ ಮನಸ್ಸನ್ನು ಬಿಡಿಸಿಕೊಂಡು ನಿನ್ನ ಬಾಳನ್ನು ನೋಡಿಕೋ ಎಂಬ ಮುಂದಿನ ಮಾತು, ಅತ್ತೆ ಮಾವ ಮೈದುನರ ಜೊತೆ ಒಂದೇ ಒಲೆಯಲ್ಲಿ ಬೇಯಿಸುವವಳಿಗೆ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಅದಕ್ಕಿಂತ ನಮಗೆ ಹೊಂದುವುದು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ಸ್ ರೂಪಿಸಿದ, ಮನೆಯವರಿಗೇ ತರಬೇತಿ ಕೊಡುವ ಕ್ರಾಫ್ಟ್ ಎಂಬ ವಿಧಾನವೆಂದು ನನ್ನ ಅನಿಸಿಕೆ. ಕುಡಿಯದ ಸಂಜೆ ಅವನ ಜೊತೆ ಕೂತು ಉಣ್ಣುವುದು, ಕುಡಿದು ಬಂದಾಗ ಜಗಳವಾಡದೆ ಎದ್ದುಹೋಗುವುದು, ಅವನು ಮಾಡಿಕೊಂಡ ಪೇಚನ್ನು ಅವನೇ ಬಿಡಿಸಿಕೊಳ್ಳಲು ಬಿಡುವುದು, ಹದ ನೋಡಿ ಚಿಕಿತ್ಸೆಯ ಮಾತೆತ್ತುವುದು, ಹೊಡೆತ ಬಡಿತದ ಅಪಾಯವಿದ್ದರೆ ಮೊದಲು ತಾನು ಸುರಕ್ಷಿತವಾಗುವುದು: ಇವನ್ನೆಲ್ಲ ಅದರಲ್ಲಿ ಅಭ್ಯಾಸ ಮಾಡಿಸುತ್ತಾರೆ. ಚಿಕಿತ್ಸೆಯೇ ಬೇಡವೆಂದಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಮನೆಯವರ ಈ ತರಬೇತಿಯಿಂದಾಗಿ ಚಿಕಿತ್ಸೆಗೆ ಬಂದುದು ಅಲ್ಲಿನ ಆರಂಭದ ಅಧ್ಯಯನಗಳಲ್ಲಿ ಕಂಡುಬಂತು. ಭಾರತದಲ್ಲಿ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ದೊರೆತಿದೆ ಎಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಉಳಿದ 37 ಮಂದಿಯ ಮನೆಗಳಲ್ಲಿ ಕಾದು ಕೂತವರಿಗೆ ಏನನ್ನು ಕಲಿಸುತ್ತೇವೆ ಎಂಬುದು ಆದ್ದರಿಂದ ಸಣ್ಣ ಪ್ರಶ್ನೆಯಲ್ಲ.

ಇದಕ್ಕೆ ಕರ್ನಾಟಕ ಚೆನ್ನೈಯನ್ನು ನಕಲು ಮಾಡಬೇಕಾಗಿಲ್ಲ. ರಾಜ್ಯ ಸರಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಪದ್ಧತಿ 2014ರಿಂದ ಇದೆ. ಅದೇ ದಿನ ಮಧ್ಯಾಹ್ನ ಒಂದು ಕೋಣೆ, ಒಬ್ಬ ಸಮಾಲೋಚಕಿ, ಒಂದು ಕನ್ನಡದ ಕೈಪಿಡಿ ಸಿಕ್ಕರೆ ಆರಂಭಕ್ಕೆ ಸಾಕು. ಹೆಂಗಸರು ನಾಚಿಕೆಯಿಂದ ಬರಲಾರರು ಎನ್ನುವವರಿಗೆ ನಾನು ವಾರವಾರವೂ ಸೇರುವ ಸ್ವಸಹಾಯ ಸಂಘಗಳನ್ನು ತೋರಿಸುತ್ತೇನೆ. ಕಂತಿನ ಹಣ ಬಾರಿಗೆ ಹೋಯಿತೆಂಬುದು ಅಲ್ಲಿ ಹೇಗೂ ಬಯಲಾಗುತ್ತದೆ. ಆ ಮಾತನ್ನು ಮುಂದುವರಿಸಲು ತರಬೇತಾದ ಒಬ್ಬರು ಇದ್ದರಾಯಿತು. ಅಷ್ಟಾಗುವವರೆಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಮತ್ತು ಅದಕ್ಕೆ ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂಬ ನಿಯಮವಿಲ್ಲ.